ಗುರುತ್ವಕ್ಕೆ ಭಾರವುಂಟೆ? ಕೃಷ್ಣರಂಧ್ರಗಳನ್ನು ಕುರಿತು ಒಂದು ವಿಚಾರ

(ಶ್ರೀಮಠದ ಸುವರ್ಣಮಹೋತ್ಸವದ ಜ್ಞಾನಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ತರ್ಕವನ್ನೂ ಶಿವಾನುಭವಶಾಸ್ತ್ರವನ್ನೂ ಪಾಠ ಹೇಳುತ್ತ ಆಯುಷ್ಯವನ್ನು ಕಳೆದ ನನ್ನಂಥವನು ಆಕಾಶದ ಕೃಷ್ಣರಂಧ್ರಗಳ ವಿಷಯವಾಗಿ ಮಾತನಾಡಲು ಎದ್ದು ನಿಂತಿರುವದು ಕೆಲವರಿಗೆ ಆಶ್ಚರ್ಯವನ್ನುಂಟುಮಾಡಬಹುದು. ಇದಕ್ಕೊಂದು ಕಾರಣವುಂಟು. ಅದನ್ನು ಮರೆಮಾಚದೆ ಮೊದಲೇ ಅರಿಕೆ ಮಾಡಿಕೊಳ್ಳುವೆನು. ಕಳೆದ ಶ್ರಾವಣಮಾಸದ ಪ್ರವಚನದಲ್ಲಿ ಶೂನ್ಯಸಂಪಾದನೆಯ ಒಂದು ಪ್ರಸಂಗವನ್ನು ವಿವರಿಸುತ್ತಿರುವಾಗ, ಇಂದಿನ ವಿಜ್ಞಾನಿಗಳು ಕೃಷ್ಣರಂಧ್ರವೆಂದು ಕರೆಯುವದೇ ನಮ್ಮ ಶರಣರ ಶೂನ್ಯವು, ಅವರು ಈಗ ಕಂಡದ್ದನ್ನು ನಮ್ಮವರು ಎಂಟುನೂರು ವರ್ಷಗಳ ಹಿಂದೆಯೇ ಕಂಡಿದ್ದರು ಎಂದು ನಾನು ಹೇಳಿಬಿಟ್ಟೆನು. ಸಭೆಯಲ್ಲಿ ಕರತಾಡನವಾಯಿತು. ನನಗೂ ಸಂತೋಷವಾಯಿತೆಂಬದನ್ನು ಅಡಗಿಸಲಾರೆನು.

ಪ್ರವಚನವು ಮುಗಿದ ಬಳಿಕ, ಶ್ರೀಮಠದ ಪ್ರಸಾದನಿಲಯದಲ್ಲಿದ್ದು ಓದಿ ಈಗ ಭೌತಶಾಸ್ತ್ರದ ಅಧ್ಯಾಪಕನಾಗಿರುವ ಒಬ್ಬ ತರುಣನು ನನ್ನ ಬಳಿಗೆ ಬಂದು ನಮಸ್ಕರಿಸಿ, "ಶಾಸ್ತ್ರಿಗಳೇ, ತಾವು ತಪ್ಪು ತಿಳಿಯಬಾರದು. ಕೃಷ್ಣರಂಧ್ರಕ್ಕೆ ತೂಕವುಂಟು, ತಿರುಗುವ ವೇಗವುಂಟು. ಗುರುತ್ವಾಕರ್ಷಣೆಗೆ ತೀರ ಅಲ್ಪವಾದ ಭಾರವಿದ್ದರೆ ಅದಕ್ಕೆ ಕೂದಲೂ ಬೆಳೆಯಬಹುದೆಂದು ಲೆಕ್ಕ ಹಾಕಿದವರಿದ್ದಾರೆ. ನಾಳೆ ಅದು ನಿಜವೆಂದು ತಿಳಿದುಬಂದರೆ, ಶರಣರ ಶೂನ್ಯಕ್ಕೂ ಕೂದಲು ಬೆಳೆಯಿತೆಂದು ಹೇಳುವಿರಾ?" ಎಂದು ಕೇಳಿದನು.

ನನಗೆ ಉತ್ತರವು ಹೊಳೆಯಲಿಲ್ಲ. "ತಮ್ಮಾ, ಆ ಕೂದಲಿನ ಕಥೆಯನ್ನು ಮೊದಲಿನಿಂದ ಹೇಳು" ಎಂದೆನು. ಆಮೇಲೆ ಅನೇಕ ಆದಿತ್ಯವಾರಗಳಂದು ಅವನು ಗುರುವಾಗಿಯೂ ನಾನು ಶಿಷ್ಯನಾಗಿಯೂ ಕುಳಿತು ನಡೆಸಿದ ಪಾಠದ ಸಾರವನ್ನೇ ಇಂದು ನಿಮ್ಮ ಮುಂದಿಡುವೆನು. ಗಣಿತವು ನನ್ನ ಕೈಗೆ ಎಟುಕಲಿಲ್ಲ. ಆದರೆ ವಾದದ ನಡೆಯು ಎಟುಕಿತು; ಏಕೆಂದರೆ ಅದು ನಮ್ಮ ಪೂರ್ವಪಕ್ಷ-ಸಿದ್ಧಾಂತಗಳ ನಡೆಯೇ ಆಗಿರುವದು.

ತರ್ಕಸಂಗ್ರಹವನ್ನು ಓದಿದ ವಿದ್ಯಾರ್ಥಿಗಳಿಗೆ ಗುರುತ್ವವೆಂಬ ಶಬ್ದವು ಹೊಸದಲ್ಲ. ಇಪ್ಪತ್ತುನಾಲ್ಕು ಗುಣಗಳಲ್ಲಿ ಅದೂ ಒಂದು. ಪೃಥ್ವೀ ಜಲಗಳೆರಡರಲ್ಲಿಯೇ ಇರತಕ್ಕದ್ದು. ವಸ್ತುವಿನ ಮೊದಲಿನ ಪತನಕ್ಕೆ ಕಾರಣವಾದದ್ದು. ಗುಣದಲ್ಲಿ ಮತ್ತೊಂದು ಗುಣವನ್ನು ಒಪ್ಪಕೂಡದೆಂಬದು ಆ ಶಾಸ್ತ್ರದ ಕಟ್ಟಳೆ. ಆದುದರಿಂದ ಗುರುತ್ವಕ್ಕೆ ಭಾರವುಂಟೆ ಎಂದು ಯಾರಾದರೂ ಕೇಳಿದರೆ, ನಮ್ಮ ಪಾಠಶಾಲೆಯ ಬಾಲಕನೂ ಇಲ್ಲವೆಂದು ಒಂದೇ ಮಾತಿನಲ್ಲಿ ತೀರಿಸಿಬಿಡುವನು. ಆದರೆ ಇಂದಿನ ಭೌತಶಾಸ್ತ್ರದಲ್ಲಿ ಗುರುತ್ವಾಕರ್ಷಣೆಯು ವಸ್ತುವಿನೊಳಗೆ ಕುಳಿತಿರುವ ಗುಣವಲ್ಲ. 1687ರಲ್ಲಿ ನ್ಯೂಟನ್ನನು ಸೇಬನ್ನೂ ಚಂದ್ರನನ್ನೂ ಒಂದೇ ನಿಯಮದ ಕೆಳಗೆ ತಂದನು. 1915ರಲ್ಲಿ ಐನ್‌ಸ್ಟೈನನು, ದ್ರವ್ಯವಿದ್ದಲ್ಲಿ ದೇಶಕಾಲಗಳೇ ಬಾಗುವವು, ಆ ಬಾಗನ್ನು ಅನುಸರಿಸಿ ವಸ್ತುಗಳು ಚಲಿಸುವವು ಎಂದು ತೋರಿಸಿದನು. ಈ ಬಾಗು ಅಲೆಯಾಗಿ ಹರಿಯುವದು. ಬೆಳಕಿನ ಅಲೆಗೆ ಫೋಟಾನ್ ಎಂಬ ಕಣವಿರುವಂತೆ ಈ ಅಲೆಗೂ ಗ್ರಾವಿಟಾನ್ ಎಂಬ ಕಣವಿರಬೇಕೆಂದು ವಿಜ್ಞಾನಿಗಳು ಊಹಿಸುವರು. ಅದನ್ನು ಬಿಡಿಯಾಗಿ ಹಿಡಿದವರು ಈವರೆಗೆ ಯಾರೂ ಇಲ್ಲ. ಐನ್‌ಸ್ಟೈನನ ಸಿದ್ಧಾಂತದಲ್ಲಿ ಆ ಕಣಕ್ಕೆ ದ್ರವ್ಯರಾಶಿಯು ಶೂನ್ಯ. ಅದು ಶೂನ್ಯವಾಗಿರದೆ ಅತ್ಯಲ್ಪವಾಗಿದ್ದರೆ ಏನಾಗುವದೆಂಬದೇ ನಮ್ಮ ಪ್ರಶ್ನೆ.

ಇಂಥ ಪ್ರಶ್ನೆಯನ್ನು ಏಕೆ ಎತ್ತಬೇಕು? ಶಕ್ತಿಯನ್ನು ಒಯ್ಯುವ ಕಣಕ್ಕೆ ಭಾರವಿದ್ದರೆ ಆ ಶಕ್ತಿಯು ಬಹುದೂರ ಹೋಗಲಾರದು. ಇದನ್ನು 1935ರಲ್ಲಿ ಜಪಾನಿನ ಯುಕಾವಾ ಪಂಡಿತನು ಪರಮಾಣುಗರ್ಭದ ಶಕ್ತಿಯ ವಿಷಯದಲ್ಲಿ ತೋರಿಸಿದನು. ಗ್ರಾವಿಟಾನಿಗೆ ಎಳ್ಳಿನ ಕೋಟ್ಯಂಶದ ಕೋಟ್ಯಂಶಕ್ಕಿಂತಲೂ ಕಡಿಮೆಯಾದ ಭಾರವಿದ್ದರೂ, ವಿಶ್ವದ ಮಹಾದೂರಗಳಲ್ಲಿ ಆಕರ್ಷಣೆಯು ಕುಗ್ಗುವದು. ಇತ್ತ 1998ರಲ್ಲಿ ದೂರದ ನಕ್ಷತ್ರಸ್ಫೋಟಗಳನ್ನು ನೋಡುತ್ತಿದ್ದ ಎರಡು ತಂಡಗಳು, ವಿಶ್ವದ ವಿಸ್ತಾರವು ನಿಧಾನವಾಗುವದರ ಬದಲು ವೇಗಗೊಳ್ಳುತ್ತಿದೆಯೆಂದು ಕಂಡುಕೊಂಡವು. ಇದನ್ನು ಐನ್‌ಸ್ಟೈನನ ಸಮೀಕರಣದಲ್ಲಿ ಹೊಂದಿಸಬೇಕಾದರೆ ವಿಶ್ವದ ಶಕ್ತಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಯಾರೂ ಅರಿಯದ ಒಂದು ಶಕ್ತಿಯೆಂದು ಒಪ್ಪಬೇಕಾಗುವದು. ವರ್ಷದ ಜಮಾಖರ್ಚಿನಲ್ಲಿ ನೂರಕ್ಕೆ ಎಪ್ಪತ್ತನ್ನು 'ಇತರ' ಎಂದು ಬರೆದು ತಂದರೆ ಯಾವ ಮಠದ ಪಾರುಪತ್ಯಗಾರನು ಸುಮ್ಮನಿರುವನು? ಆಕರ್ಷಣೆಯೇ ದೂರದಲ್ಲಿ ಕುಗ್ಗುತ್ತಿದ್ದರೆ ಈ 'ಇತರ'ದ ಗೊಡವೆಯು ತಪ್ಪೀತೆಂಬ ಆಸೆಯಿಂದ ಅನೇಕರು ಹಳೆಯ ಪ್ರಶ್ನೆಯನ್ನು ಹೊಸದಾಗಿ ಕೈಗೆತ್ತಿಕೊಂಡರು.

ಹಳೆಯದೆಂದೆನಷ್ಟೆ. ಭಾರವುಳ್ಳ ಗ್ರಾವಿಟಾನಿನ ಮೊದಲ ಸಮೀಕರಣವನ್ನು ಫಿಯರ್ಜ್ ಮತ್ತು ಪೌಲಿ ಎಂಬ ಇಬ್ಬರು 1939ರಲ್ಲಿಯೇ ಬರೆದಿದ್ದರು. ಭಾರವಿಲ್ಲದ ಗುರುತ್ವತರಂಗವು ಎರಡು ಬಗೆಯಾಗಿ ಮಾತ್ರ ಸ್ಪಂದಿಸಬಲ್ಲದು. ಭಾರವು ಬಂದ ಕೂಡಲೆ ಬಗೆಗಳು ಐದಾಗುವವು. ಭಾರವು ಎಷ್ಟೇ ಅಲ್ಪವಿರಲಿ, ಐದು ಐದೇ. ಎರಡೂವರೆಯಾಗಿ, ಎರಡೂಕಾಲಾಗಿ ಮೆಲ್ಲಗೆ ಎರಡಕ್ಕೆ ಇಳಿಯುವ ದಾರಿಯಿಲ್ಲ.

ಇದರ ಫಲವು 1970ರಲ್ಲಿ ಬಯಲಿಗೆ ಬಂದಿತು. ವಾನ್ ಡಾಮ್ ಮತ್ತು ವೆಲ್ಟ್‌ಮನ್ ಎಂಬವರು ಒಂದು ಕಡೆಯಲ್ಲಿ, ರಷ್ಯದ ಜಖಾರೊವನು ಮತ್ತೊಂದು ಕಡೆಯಲ್ಲಿ ಒಂದೇ ಲೆಕ್ಕವನ್ನು ಮಾಡಿದರು. ಸೂರ್ಯನ ಅಂಚನ್ನು ಸವರಿ ಬರುವ ನಕ್ಷತ್ರದ ಬೆಳಕು ಐನ್‌ಸ್ಟೈನನ ಪ್ರಕಾರ 1.75 ವಿಕಲೆಗಳಷ್ಟು ಬಾಗಬೇಕು. (ಒಂದು ಅಂಶದ 3600ನೆಯ ಭಾಗವೇ ವಿಕಲೆಯೆಂಬದು ಪಂಚಾಂಗವನ್ನು ಬಲ್ಲವರಿಗೆ ತಿಳಿದದ್ದೇ.) 1919ರ ಮೇ 29ರ ಗ್ರಹಣದಲ್ಲಿ ಆಫ್ರಿಕದ ಬಳಿಯ ಪ್ರಿನ್ಸಿಪೆ ದ್ವೀಪದಲ್ಲಿಯೂ ಬ್ರೆಜಿಲಿನ ಸೊಬ್ರಾಲಿನಲ್ಲಿಯೂ ಇದನ್ನು ಅಳೆದು ನೋಡಿದರು, ಅನಂತರದ ರೇಡಿಯೊ ಅಳತೆಗಳು ಇದನ್ನು ಇನ್ನೂ ಬಹು ನಿಖರವಾಗಿ ಸ್ಥಾಪಿಸಿರುವವು. ಆದರೆ ಗ್ರಾವಿಟಾನಿಗೆ ಭಾರವಿದ್ದರೆ, ಹೆಚ್ಚಿನ ಮೂರು ಸ್ಪಂದನಗಳಲ್ಲಿ ಒಂದು ಗ್ರಹಗಳನ್ನು ಸೆಳೆಯುವದು, ಬೆಳಕನ್ನು ಮಾತ್ರ ಮುಟ್ಟದು. ಗ್ರಹಗಳ ಸೆಳೆತವು ಸರಿಹೋಗುವಂತೆ ಲೆಕ್ಕವನ್ನು ಹೊಂದಿಸಿದರೆ ಬೆಳಕಿನ ಪಾಲಿಗೆ ನಾಲ್ಕರಲ್ಲಿ ಮೂರೇ ಭಾಗ ಉಳಿಯುವದು: 1.75ರ ಬದಲು ಸುಮಾರು 1.31 ವಿಕಲೆ. ಭಾರವನ್ನು ಎಷ್ಟು ಕಡಿಮೆಮಾಡಿದರೂ ಈ ಅಂತರವು ಹೋಗದು.

ಇಲ್ಲಿ ನಾನು ತರುಣನನ್ನು ತಡೆದೆನು. ಅಲ್ಪವು ಅಲ್ಪತರವಾಗಿ ಕಡೆಗೆ ಇಲ್ಲವಾಗುವಾಗ ಅದರ ಫಲವೂ ಇಲ್ಲವಾಗಬೇಕಲ್ಲವೆ ಎಂದೆನು. ಅವನು ಕೊಟ್ಟ ದೃಷ್ಟಾಂತವು ಸಾಹುಕಾರನ ಖಾತೆಯದು. ಸಾವಿರ ರೂಪಾಯಿ ಸಾಲವಿದ್ದರೂ ಒಂದು ಕಾಸಿನ ಸಾಲವಿದ್ದರೂ ಖಾತೆಯಲ್ಲಿ ಹೆಸರು ಇದ್ದೇ ಇರುವದು; ಕಡೆಯ ಕಾಸು ಸಂದ ದಿನವೇ ಹೆಸರು ಹೊಡೆಯುವದು. ಕಾಸಿನಿಂದ ಇಲ್ಲವೆಂಬಲ್ಲಿಗೆ ಹೋಗುವದು ಇಳಿಜಾರಲ್ಲ, ಮೆಟ್ಟಿಲು. ನಾನು ತಲೆದೂಗಿದೆನು. ಅಲ್ಪತ್ವವು ಅಭಾವವಲ್ಲವೆಂದು ಮೂವತ್ತು ವರ್ಷ ಪಾಠ ಹೇಳಿದವನಿಗೆ ಅದರ ಇಷ್ಟು ಸ್ಪಷ್ಟವಾದ ಉದಾಹರಣೆಯು ಸಿಕ್ಕಿರಲಿಲ್ಲ.

ಹಾಗಾದರೆ ಪೂರ್ವಪಕ್ಷವು ಅಲ್ಲಿಯೇ ಬಿದ್ದುಹೋಯಿತೆ? ಇಲ್ಲ. 1972ರಲ್ಲಿ ವೈನ್‌ಶ್ಟೈನ್ ಎಂಬ ರಷ್ಯದ ಪಂಡಿತನು ಒಂದು ಸಮಾಧಾನವನ್ನು ಹೇಳಿದನು. ಸೂರ್ಯನಂಥ ಭಾರವಾದ ವಸ್ತುವಿನ ಸುತ್ತಲೂ ಈ ಹೆಚ್ಚಿನ ಸ್ಪಂದನವು ತನ್ನೊಡನೆ ತಾನೇ ತೊಡಕಿಕೊಂಡು ಬಲಗುಂದುವದು. ಒಂದು ಗಡಿಯೊಳಗೆ ಐನ್‌ಸ್ಟೈನನ ಮಾತೇ ನಡೆಯುವದು. ಗ್ರಾವಿಟಾನಿನ ತರಂಗದೈರ್ಘ್ಯವು ವಿಶ್ವದಷ್ಟೇ ದೊಡ್ಡದೆಂದು ಭಾವಿಸಿದರೆ ಸೂರ್ಯನ ಸುತ್ತಲಿನ ಈ ಗಡಿಯು ಕೆಲವು ನೂರು ಜ್ಯೋತಿರ್ವರ್ಷಗಳಷ್ಟು ದೂರವಾಗುವದು. ನಾವು ಅಳೆದು ನೋಡುವದೆಲ್ಲ ಅದರೊಳಗೇ. ಅದೇ ವರ್ಷ ಬೌಲ್‌ವೇರ್ ಮತ್ತು ಡೆಸರ್ ಎಂಬವರು ಇನ್ನೊಂದು ಘೋರದೋಷವನ್ನು ಎತ್ತಿ ತೋರಿಸಿದರು. ಸಮೀಕರಣವನ್ನು ಪೂರ್ಣಗೊಳಿಸಹೊರಟರೆ ಐದರ ಮೇಲೆ ಆರನೆಯದೊಂದು ಸ್ಪಂದನವು ಹುಟ್ಟುವದು. ಅದರ ಶಕ್ತಿಯು ಋಣಾತ್ಮಕ. ಭೌತಶಾಸ್ತ್ರಜ್ಞರು ಇದನ್ನು ಭೂತವೆಂದೇ ಕರೆಯುವರು. ಇದು ಒಂದು ಕಡೆ ಮಿತಿಯಿಲ್ಲದೆ ಸಾಲಮಾಡಿ ಮತ್ತೊಂದು ಕಡೆ ಅಷ್ಟನ್ನೇ ಜಮೆ ತೋರಿಸುವ ಭೂತ; ಬರಿಯ ಆಕಾಶವನ್ನೂ ನೆಟ್ಟಗೆ ನಿಲ್ಲಗೊಡದು. ಈ ಭೂತವನ್ನು ಬಿಡಿಸಲು ಹೆಚ್ಚು ಕಡಿಮೆ ನಾಲ್ವತ್ತು ವರ್ಷಗಳು ಹಿಡಿದವು. 2010 ಮತ್ತು 2011ರಲ್ಲಿ ಕ್ಲೌಡಿಯಾ ಡಿ ರಾಮ್ ಎಂಬ ವಿದುಷಿಯು ಗಬದಾಜೆ, ಟೋಲಿ ಎಂಬವರೊಡನೆ ಸೇರಿ ಭೂತವಿಲ್ಲದ ಸಮೀಕರಣವನ್ನು ರಚಿಸಿದಳು. ಅದು ನಿಜವಾಗಿಯೂ ಭೂತರಹಿತವೆಂದು ಹಸನ್ ಎಂಬವನೂ ರೇಚಲ್ ರೋಸೆನ್ ಎಂಬ ಇನ್ನೊಬ್ಬ ವಿದುಷಿಯೂ ಸಾಧಿಸಿದರು. ನಮ್ಮ ಹೆಣ್ಣುಮಕ್ಕಳ ಪಾಠಶಾಲೆಯವರು ಈ ಹೆಸರುಗಳನ್ನು ಗುರುತು ಹಾಕಿಕೊಳ್ಳಲಿ.

ಇನ್ನು ಕೃಷ್ಣರಂಧ್ರಕ್ಕೆ ಬರುವೆನು. ಸಾಮಾನ್ಯಸ್ಥಳದಲ್ಲಿ ಹೊಸ ಸಿದ್ಧಾಂತವು ವೈನ್‌ಶ್ಟೈನನ ಮರೆಯಲ್ಲಿ ಅಡಗಿಕೊಂಡು ಐನ್‌ಸ್ಟೈನನಂತೆಯೇ ತೋರಬಹುದು. ಆಕರ್ಷಣೆಯು ಪರಾಕಾಷ್ಠೆಗೆ ಮುಟ್ಟಿದ ಸ್ಥಳದಲ್ಲಿ ಏನು ಮಾಡುವದೆಂದು ನೋಡಿದಾಗಲೇ ಅದರ ಬಣ್ಣವು ತಿಳಿಯುವದು.

1916ರಲ್ಲಿ ಜರ್ಮನ್ ಸೈನ್ಯದಲ್ಲಿ ಸೇವೆಮಾಡುತ್ತಿದ್ದ ಶ್ವಾರ್ಜ್‌ಶಿಲ್ಡನು ಐನ್‌ಸ್ಟೈನನ ಸಮೀಕರಣಕ್ಕೆ ಮೊದಲ ಪೂರ್ಣ ಉತ್ತರವನ್ನು ಪ್ರಕಟಿಸಿದನು. ಅದೇ ವರ್ಷ ಮೇ ತಿಂಗಳಲ್ಲಿ ತೀರಿಕೊಂಡನು. ಸೂರ್ಯನಷ್ಟು ದ್ರವ್ಯವನ್ನು ಸುಮಾರು 3 ಕಿಲೋಮೀಟರು ತ್ರಿಜ್ಯದ ಗೋಲದೊಳಗೂ, ಭೂಮಿಯಷ್ಟನ್ನು 9 ಮಿಲಿಮೀಟರಿನೊಳಗೂ ಅದುಮಿದರೆ, ಅದರ ಸುತ್ತಲೂ ಒಂದು ಕ್ಷಿತಿಜವು ಏರ್ಪಡುವದು; ಅದರ ಒಳಗಿನಿಂದ ಬೆಳಕೂ ಹೊರಗೆ ಬರಲಾರದು. ಇದೇ ಕೃಷ್ಣರಂಧ್ರ; ಕಪ್ಪುಕುಳಿಯೆಂದೂ ಕೆಲವರು ಹೇಳುವರು. ಹೊರಗಿನವನಿಗೆ ಇದರ ದ್ರವ್ಯರಾಶಿ, ತಿರುಗುವಿಕೆ, ವಿದ್ಯುದಂಶ ಈ ಮೂರರ ಹೊರತು ಮತ್ತೇನೂ ತಿಳಿಯದು. ಉಳಿದ ಯಾವ ಗುರುತೂ ಇಲ್ಲದಿರುವದನ್ನೇ ವಿಜ್ಞಾನಿಗಳು ವಿನೋದವಾಗಿ 'ಕೂದಲಿಲ್ಲದ್ದು' ಎನ್ನುವರು. ತರುಣನ ಕೂದಲಿನ ಮಾತು ಇಲ್ಲಿಂದ ಬಂದದ್ದು.

ಕಾಗದದ ಮೇಲೆ ಉತ್ತರವು ಸಿಕ್ಕಿದ ಮಾತ್ರಕ್ಕೆ ವಸ್ತುವು ಜಗತ್ತಿನಲ್ಲಿ ನಿಲ್ಲುವದೆಂದು ನಿಶ್ಚಯವಿಲ್ಲ. ಒನಕೆಯನ್ನು ತುದಿಯ ಮೇಲೆ ನಿಲ್ಲಿಸಬಹುದೆಂದು ಲೆಕ್ಕವು ಹೇಳುವದು. ಸೊಳ್ಳೆಯ ರೆಕ್ಕೆಯ ಗಾಳಿ ತಗಲಿದರೂ ಅದು ಉರುಳುವದು. ಕೃಷ್ಣರಂಧ್ರವು ಇಂಥ ಒನಕೆಯೋ ಅಥವಾ ಒರಳೋ? ಈ ಪ್ರಶ್ನೆಗೆ 1970ರಲ್ಲಿ ಉತ್ತರಕೊಟ್ಟವರಲ್ಲಿ ಮುಖ್ಯನಾದವನು ನಮ್ಮವನೇ ಎಂದು ಕೇಳಿ ನನಗೆ ರೋಮಾಂಚವಾಯಿತು. 1938ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಿ. ವಿ. ವಿಶ್ವೇಶ್ವರ ಅವರು ಕನ್ನಡ ವಿದ್ವಾಂಸರಾದ ಸಿ. ಕೆ. ವೆಂಕಟರಾಮಯ್ಯನವರ ಮಕ್ಕಳು. ಅಮೇರಿಕದ ಮೇರಿಲ್ಯಾಂಡಿನಲ್ಲಿ ಮಿಸ್ನರ್ ಎಂಬ ಗುರುವಿನ ಬಳಿ ಅಭ್ಯಾಸಮಾಡಿ, ಶ್ವಾರ್ಜ್‌ಶಿಲ್ಡನ ಕೃಷ್ಣರಂಧ್ರವು ಸ್ಥಿರವಾದದ್ದೆಂದು ತೋರಿಸಿದರು. ಅದನ್ನು ತಟ್ಟಿದರೆ ನಮ್ಮ ಮಠದ ಗಂಟೆಯಂತೆ ತನ್ನದೇ ಆದ ಸ್ವರದಲ್ಲಿ ಮಿಡಿದು, ಕ್ರಮವಾಗಿ ಕುಗ್ಗಿ, ಶಾಂತವಾಗುವದೆಂದೂ ಅವರೇ ಲೆಕ್ಕಹಾಕಿದರು. ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯವನ್ನು ಕಟ್ಟಿ ಬೆಳೆಯಿಸಿದವರೂ ಇವರೇ. 2015ರ ಸಪ್ಟಂಬರ 14ರಂದು ಅಮೇರಿಕದ ಲೈಗೊ ಯಂತ್ರಗಳು ಮೊದಲ ಬಾರಿಗೆ ಗುರುತ್ವತರಂಗವನ್ನು ಹಿಡಿದವು. ಸೂರ್ಯನ 36 ಮಡಿ ಮತ್ತು 29 ಮಡಿ ಭಾರದ ಎರಡು ಕೃಷ್ಣರಂಧ್ರಗಳು ಕೂಡಿ 62 ಮಡಿಯದೊಂದಾಗಿ, ಉಳಿದ 3 ಸೂರ್ಯರಷ್ಟು ದ್ರವ್ಯವು ಅಲೆಯಾಗಿ ಹರಿದಿತ್ತು. ಅದರ ಕೊನೆಯಲ್ಲಿ ಆ ಗಂಟೆಯ ಕುಗ್ಗುವ ಮಿಡಿತವು ಲೆಕ್ಕಕ್ಕೆ ಹೊಂದುವಂತೆಯೇ ಇದ್ದಿತು. 2017ರ ಜನವರಿಯಲ್ಲಿ ಲಿಂಗೈಕ್ಯರಾಗುವ, ಅಲ್ಲ, ಕಾಲವಶರಾಗುವ (ನನ್ನ ನಾಲಗೆಯ ರೂಢಿಯನ್ನು ಕ್ಷಮಿಸಿರಿ) ಮೊದಲು ಅವರು ಈ ವಾರ್ತೆಯನ್ನು ಕೇಳಿದರು.

ಇದು ಭಾರವಿಲ್ಲದ ಗ್ರಾವಿಟಾನಿನ ಕೃಷ್ಣರಂಧ್ರ. ಭಾರವನ್ನು ಸೇರಿಸಿದರೆ ಎರಡು ಸಂಗತಿಗಳು ಒದಗುವವು. ಮೊದಲನೆಯದು, ಭಾರವುಳ್ಳ ಸಿದ್ಧಾಂತಕ್ಕೆ ಒಂದೇ ಅಳತೆಗೋಲು ಸಾಲದು. ಬಾಗುವ ದೇಶಕಾಲದ ಪಕ್ಕದಲ್ಲಿ ಹೋಲಿಸಿ ನೋಡಲು ಇನ್ನೊಂದು ಅಳತೆಗೋಲು ಬೇಕು. ಎರಡೂ ನಿಶ್ಚಲವಾಗಿದ್ದು ಒಂದಕ್ಕೊಂದು ನೇರವಾಗಿ ಹೊಂದಿಕೊಂಡಿದ್ದರೆ, ಒಂದರ ಕ್ಷಿತಿಜವು ಇನ್ನೊಂದರ ಕ್ಷಿತಿಜವೂ ಆಗಿರಲೇಬೇಕೆಂದು ದೆಫಾಯೆ ಮತ್ತು ಜೇಕಬ್‌ಸನ್ ಎಂಬವರು ಸಿದ್ಧಪಡಿಸಿದರು. ಎರಡನೆಯ ಅಳತೆಗೋಲು ಬಾಗಿಲ್ಲದ ಸಮತಲವಾಗಿದ್ದರೆ ಅದರಲ್ಲಿ ಅಂಥ ಕ್ಷಿತಿಜವೆಲ್ಲಿಯದು? ಆದುದರಿಂದ ಶ್ವಾರ್ಜ್‌ಶಿಲ್ಡನದರಂಥ ಸರಳವಾದ, ನಿಶ್ಚಲವಾದ ಕೃಷ್ಣರಂಧ್ರವು ಅಲ್ಲಿ ದೋಷವಿಲ್ಲದೆ ನಿಲ್ಲಲಾರದು. 2017ರಲ್ಲಿ ಆ ರೋಸೆನ್ ವಿದುಷಿಯು, ಕಾಲದೊಡನೆ ಮೆಲ್ಲಮೆಲ್ಲನೆ ಬದಲಾಗುವ ಕೃಷ್ಣರಂಧ್ರವಾದರೆ ಈ ದೋಷವಿಲ್ಲದೆ ಇರಬಲ್ಲದೆಂದು ತೋರಿಸಿದಳು. ಸ್ಥಾವರವಾಗಲಾರದು, ಜಂಗಮವಾಗಬಹುದು ಎಂದು ನಾನು ನಕ್ಕೆನು. ತರುಣನು ಮತ್ತೆ ನನ್ನ ಮುಖವನ್ನೇ ನೋಡಿದನು. ಇದು ಹೋಲಿಕೆ ಮಾತ್ರವಪ್ಪಾ, ಪ್ರಮಾಣವಲ್ಲ ಎಂದು ಕೂಡಲೆ ಒಪ್ಪಿಕೊಂಡೆನು.

ಎರಡನೆಯ ಸಂಗತಿಯೇ ಹೆಚ್ಚಿನದು. ಎರಡು ಅಳತೆಗೋಲುಗಳೂ ಬಾಗಬಲ್ಲವಾದರೆ ಶ್ವಾರ್ಜ್‌ಶಿಲ್ಡನ ಉತ್ತರವು ಮತ್ತೆ ಸಿಗುವದು. ಆದರೆ 2013ರಲ್ಲಿ ಬಾಬಿಚೆವ್ ಮತ್ತು ಫಾಬ್ರಿ ಎಂಬವರೂ, ಬ್ರಿಟೊ, ಕಾರ್ಡೊಸೊ, ಪಾನಿ ಎಂಬವರೂ, ಗ್ರಾವಿಟಾನಿನ ತರಂಗದೈರ್ಘ್ಯವು ಕೃಷ್ಣರಂಧ್ರದ ಗಾತ್ರಕ್ಕಿಂತ ದೊಡ್ಡದಾಗಿದ್ದರೆ ಆ ಕೃಷ್ಣರಂಧ್ರವು ಅಸ್ಥಿರವೆಂದು ಕಂಡುಕೊಂಡರು. ಒರಳೆಂದು ತಿಳಿದದ್ದು ಒನಕೆಯಾಯಿತು! ನಮಗೆ ತಿಳಿದ ಯಾವ ಕೃಷ್ಣರಂಧ್ರವೂ ಇದಕ್ಕೆ ಹೊರತಲ್ಲ. 2019ರ ಏಪ್ರಿಲ್ 10ರಂದು ಚಿತ್ರವನ್ನು ಪ್ರಕಟಿಸಿದ ಎಂ 87 ಎಂಬ ಗೆಲಾಕ್ಸಿಯ ಕೃಷ್ಣರಂಧ್ರವು 650 ಕೋಟಿ ಸೂರ್ಯರಷ್ಟು ಭಾರವಾಗಿದ್ದರೂ ಅದರ ತ್ರಿಜ್ಯವು ಒಂದು ಜ್ಯೋತಿರ್ವರ್ಷದ ಸುಮಾರು ಐನೂರನೆಯ ಒಂದು ಭಾಗ. ಗ್ರಾವಿಟಾನಿನ ತರಂಗದೈರ್ಘ್ಯವಾದರೋ, ಈಗಿನ ಅಳತೆಗಳಂತೆ, ಒಂದು ಜ್ಯೋತಿರ್ವರ್ಷಕ್ಕಿಂತ ಹೆಚ್ಚೇ ಆಗಿರಬೇಕು. ಹಾಗಿದ್ದರೆ ಅವು ಏಕೆ ಇನ್ನೂ ನಿಂತಿವೆ? ಭಾರವು ಅಲ್ಪವಾದಷ್ಟೂ ಒನಕೆಯು ಉರುಳುವದು ನಿಧಾನ. ವಿಶ್ವದ ವೇಗವೃದ್ಧಿಗೆ ಬೇಕಾದಷ್ಟೇ ಭಾರವಿದ್ದರೆ, ಉರುಳಲು ವಿಶ್ವದ ಆಯುಷ್ಯದಷ್ಟು, ಎಂದರೆ ಸಾವಿರಾರು ಕೋಟಿ ವರ್ಷಗಳ ಕಾಲವು ಬೇಕು. ಬೆಳಕಿನ ವಿಷಯದಲ್ಲಿ ಮೆಟ್ಟಿಲಾಗಿದ್ದದ್ದು ಇಲ್ಲಿ ಇಳಿಜಾರಾಯಿತು. ಉರುಳಿದ ಮೇಲೆ ಏನಾಗುವದು? ಸಿದ್ಧಾಂತದ ಕೆಲವು ರೂಪಗಳಲ್ಲಿ ಅದರ ಸುತ್ತಲೂ ಭಾರವುಳ್ಳ ಗ್ರಾವಿಟಾನುಗಳ ಒಂದು ಪ್ರಭಾವಳಿಯು ನಿಲ್ಲಬಹುದೆಂದು ಅದೇ ವರ್ಷ ಲೆಕ್ಕದಿಂದ ಕಂಡಿತು. ಇದೇ ಆ ಕೂದಲು.

ತಿರುಗುವ ಕೃಷ್ಣರಂಧ್ರಗಳ ಕಥೆಯು ಇನ್ನೂ ಸ್ವಾರಸ್ಯದ್ದು. ತಿರುಗುವ ಕೃಷ್ಣರಂಧ್ರದಿಂದ ಶಕ್ತಿಯನ್ನು ಕದಿಯಬಹುದೆಂದು 1969ರಲ್ಲಿ ಪೆನ್‌ರೋಸನು ಹೇಳಿದ್ದನು. ಭಾರವಿಲ್ಲದ ಅಲೆಯು ಅಷ್ಟಿಷ್ಟು ಕದ್ದು ಓಡಿಹೋಗುವದು. ಭಾರವುಳ್ಳ ಅಲೆಯು ಓಡಲಾರದೆ ಸುತ್ತಲೇ ಸುಳಿಯುತ್ತ ಮತ್ತೆ ಮತ್ತೆ ಕದಿಯುವದು. ಕಡೆಗೆ ಕೃಷ್ಣರಂಧ್ರದ ತಿರುಗುವಿಕೆಯೇ ಕುಂದುವದು. ಆದರೆ ಬಹುಕಾಲದಿಂದ ವೇಗವಾಗಿ ತಿರುಗುತ್ತಿರುವ ದೊಡ್ಡ ಕೃಷ್ಣರಂಧ್ರಗಳು ಆಕಾಶದಲ್ಲಿ ಕಂಡಿರುವವು. ಆದುದರಿಂದ ಗ್ರಾವಿಟಾನಿನ ಭಾರವು ಒಂದು ಎಲೆಕ್ಟ್ರಾನ್ ವೋಲ್ಟಿನಲ್ಲಿ ದಶಮಾಂಶಬಿಂದುವಿನ ಮುಂದೆ 22 ಸೊನ್ನೆಗಳನ್ನಿಟ್ಟು 5 ಬರೆದಷ್ಟಕ್ಕಿಂತ ಹೆಚ್ಚಿರಲಾರದೆಂದು ಬ್ರಿಟೊ ಮೊದಲಾದವರು ಲೆಕ್ಕಹಾಕಿದರು. ಯಾವದನ್ನು ನಾನು ಶೂನ್ಯವೆಂದಿದ್ದೆನೋ ಅದೇ ತಕ್ಕಡಿಯಾಯಿತು! ಅದರಿಂದಲೇ ಜಗತ್ತಿನ ಅತ್ಯಲ್ಪವಾದ ಭಾರವನ್ನು ತೂಗುತ್ತಿರುವರು.

ಲೈಗೊ ಯಂತ್ರವು ಬೇರೊಂದು ಬಗೆಯಿಂದ ತೂಗಿತು. ಭಾರವಿದ್ದರೆ ಮಂದಸ್ವರದ ಅಲೆಗಳು ತಾರಸ್ವರದ ಅಲೆಗಳಿಗಿಂತ ಹಿಂದೆ ಬೀಳಬೇಕು. ನೂರು ಕೋಟಿಗೂ ಮಿಕ್ಕಿದ ಜ್ಯೋತಿರ್ವರ್ಷಗಳ ಪಯಣದಲ್ಲಿ ರಾಗವು ಕೆಡಬೇಕು. ಕೆಡಲಿಲ್ಲ. ಆ ಮೊದಲ ಅಲೆಯಿಂದ ಸಿಕ್ಕಿದ ಮೇರೆಯು 21 ಸೊನ್ನೆಗಳ ಮುಂದೆ 12; ಮುಂದಿನ ವರ್ಷಗಳ ಅನೇಕ ಅಲೆಗಳನ್ನು ಕೂಡಿಸಿ ನೋಡಿದಾಗ 22 ಸೊನ್ನೆಗಳ ಮುಂದೆ 13ಕ್ಕೆ ಹತ್ತಿರ. ಎಲೆಕ್ಟ್ರಾನಿನ ಭಾರವನ್ನು 1ರ ಮುಂದೆ 27 ಸೊನ್ನೆಗಳಷ್ಟು ಪಾಲುಮಾಡಿದರೆ ಬರುವ ಒಂದು ಪಾಲಿಗಿಂತಲೂ ಇದು ಕಡಿಮೆ. ಆದರೂ ವಿಶ್ವದ ವೇಗವೃದ್ಧಿಯನ್ನು ವಿವರಿಸಬಯಸುವವರಿಗೆ ಬೇಕಾದ ಭಾರವು ಇನ್ನೂ ಸುಮಾರು ಹತ್ತು ಸೊನ್ನೆಗಳ ಆಚೆಗಿರುವದು. ಅಲ್ಲಿಗೆ ಯಾವ ತಕ್ಕಡಿಯೂ ಇನ್ನೂ ಮುಟ್ಟಿಲ್ಲ. ಪೂರ್ವಪಕ್ಷವು ಬಿದ್ದಿಲ್ಲ, ಸಿದ್ಧಾಂತವೂ ಆಗಿಲ್ಲ. ಸಮತಲದ ಅಳತೆಗೋಲನ್ನು ಹಿಡಿದರೆ ನಮ್ಮ ವಿಶ್ವದಂಥ ಏಕರೂಪವಾದ ಸಮವಿಶ್ವವೇ ಈ ಸಿದ್ಧಾಂತದಲ್ಲಿ ಒಪ್ಪವಾಗಿ ಕೂಡದೆಂಬ ಆಕ್ಷೇಪವೂ ಉಂಟು. ಇದರಿಂದ ಕೆಲವರಿಗೆ ಉತ್ಸಾಹವು ತಗ್ಗಿದೆಯೆಂದು ತರುಣನು ಹೇಳುವನು. ನನಗಾದರೋ, ತಮ್ಮ ಪಕ್ಷಕ್ಕೆ ತಾವೇ ದೋಷವನ್ನು ಹುಡುಕಿ ಅಚ್ಚು ಹಾಕಿಸುವ ಇವರ ಪರಿಯೇ ದೊಡ್ಡದಾಗಿ ತೋರಿತು. ಶ್ರಾವಣದಲ್ಲಿ ನಾನು ಹಾಗೆ ಮಾಡಿರಲಿಲ್ಲ.

ಆದುದರಿಂದ ಅಂದು ಆಡಿದ ಮಾತನ್ನು ಈ ಪೀಠದ ಎದುರಿನಲ್ಲಿ ಹಿಂತೆಗೆದುಕೊಳ್ಳುವೆನು. ಶೂನ್ಯಸಂಪಾದನೆಯ ಶೂನ್ಯವು ತೂಕಕ್ಕೆ ಸಿಕ್ಕತಕ್ಕದ್ದಲ್ಲ, ತಿರುಗತಕ್ಕದ್ದಲ್ಲ. ಗ್ರಾವಿಟಾನಿಗೆ ಅಲ್ಪ ಭಾರವಿದ್ದರೆ ಅಸ್ಥಿರವಾಗತಕ್ಕದ್ದೂ ಅಲ್ಲ. ಕೃಷ್ಣರಂಧ್ರವು ದ್ರವ್ಯ, ಗುಣಗಳುಳ್ಳದ್ದು, ನಾಳೆ ಇನ್ನೊಂದು ಅಳತೆಯಿಂದ ಅದರ ಲಕ್ಷಣವು ಬದಲಾಗಬಹುದಾದದ್ದು. ಇವೆರಡನ್ನೂ ಒಂದೇ ಎಂದು ಕಟ್ಟಿದರೆ ಶರಣರಿಗೂ ಅನ್ಯಾಯ, ವಿಜ್ಞಾನಿಗಳಿಗೂ ಅನ್ಯಾಯ. ಅಂದು ಚಪ್ಪಾಳೆ ತಟ್ಟಿದವರು ನನ್ನನ್ನು ಮನ್ನಿಸಬೇಕು.

ನಮ್ಮ ದೇಶದಲ್ಲಿಯೂ ಇಂಥ ತಕ್ಕಡಿಯೊಂದು ಆಗಲಿದೆ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾ ನಾಗನಾಥದ ಬಳಿ, ನಾಲ್ಕು ನಾಲ್ಕು ಕಿಲೋಮೀಟರು ಉದ್ದದ ಎರಡು ತೋಳುಗಳ ಲೈಗೊ ಯಂತ್ರವನ್ನು ಕಟ್ಟಲು 2023ರಲ್ಲಿ ಕೇಂದ್ರಸರಕಾರವು ಸಮ್ಮತಿಯನ್ನಿತ್ತಿದೆ. ಜ್ಯೋತಿರ್ಲಿಂಗದ ಕ್ಷೇತ್ರವೆಂದು ಆ ಊರನ್ನು ಬಲ್ಲವರು ಈ ಸಭೆಯಲ್ಲಿ ಬಹಳ ಮಂದಿ ಇರುವರು. ಸ್ಥಳವನ್ನು ಆರಿಸಿದ್ದು ನೆಲದ ನಿಶ್ಚಲತೆಯನ್ನು ನೋಡಿ. ಬೇರೆ ಅರ್ಥವನ್ನು ನಾನು ಹೇಳಹೋಗುವದಿಲ್ಲ. ತರುಣನು ಎದುರಿನಲ್ಲಿಯೇ ಕುಳಿತಿದ್ದಾನೆ!

ಪ್ರಸಾದವಾದ ಮೇಲೆ ಮಠದ ಅಂಗಳದಲ್ಲಿ ಅವನು ಎಂ 87ರ ಕೃಷ್ಣರಂಧ್ರದ ಚಿತ್ರವನ್ನೂ, 2022ರಲ್ಲಿ ಪ್ರಕಟವಾದ ನಮ್ಮ ಆಕಾಶಗಂಗೆಯ ಮಧ್ಯದ ಕೃಷ್ಣರಂಧ್ರದ ಚಿತ್ರವನ್ನೂ ಪರದೆಯ ಮೇಲೆ ತೋರಿಸಲಿರುವನು. ನನ್ನ ಮಾತಿನಲ್ಲಿ ತಪ್ಪಿದ್ದರೆ ಅಲ್ಲಿಯೇ ತಿದ್ದುವೆನೆಂದೂ ಹೇಳಿದ್ದಾನೆ. ಎಲ್ಲರೂ ದಯಮಾಡಿಸಬೇಕು.